ಅತ್ತೆಯ ಬಾಯಾರಿಕೆ

ಬೇರೆಯವರಿಗೆ ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದರಿಂದ ಅದಕ್ಕೆ ಸಂಬಳವೂ ಸಿಗುತ್ತಿತ್ತು. ಮನೆಯಲ್ಲಿ ಮಾತ್ರ ಪುಕ್ಕಟೆ. ತೊಂಬತ್ತರ ದಶಕದ ಆ ಒಂದು ಬೇಸಿಗೆಯಲ್ಲಿ ನನ್ನ ಬುದ್ಧಿಮಾತೆಲ್ಲ ಹೋಗಿ ಬೀಳುತ್ತಿದ್ದುದು ನಮ್ಮತ್ತೆಯ ಮೇಲೆ.

ಎಪ್ಪತ್ತು ದಾಟಿದ ಅತ್ತೆಗೆ ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು. ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ನಾನು ಸ್ಕೂಲಿಗೆ, ಬಡಗಿ ಕೆಲಸದ ನನ್ನ ಗಂಡ ಅಂಗಡಿಗೆ ಹೊರಟರೆ ಸಂಜೆವರೆಗೂ ಅವರೊಬ್ಬರೇ. ಹೊರಡುವ ಮುಂಚೆ ದೊಡ್ಡ ಚೆಂಬಿನಲ್ಲಿ ನೀರಿಟ್ಟು, ಬೆವರು ಯಾಕೆ ಬರುತ್ತದೆ, ಹೋದ ನೀರು ವಾಪಸು ಸೇರದಿದ್ದರೆ ರಕ್ತದ ಗತಿ ಏನು ಎಂದು ಒಂಬತ್ತನೇ ಕ್ಲಾಸಿನ ಪಾಠ ಒಪ್ಪಿಸುತ್ತಿದ್ದೆ. ಅತ್ತೆ ತಲೆಯಾಡಿಸುತ್ತಿದ್ದರು. ಸಂಜೆ ಬಂದರೆ ಚೆಂಬು ಖಾಲಿ. ನನಗೋ ಹೆಮ್ಮೆ. ಜಗಲಿ ಪಕ್ಕದ ಕನಕಾಂಬರ ಆ ಬಿಸಿಲಲ್ಲೂ ಯಾಕಿಷ್ಟು ಸೊಂಪಾಗಿದೆ ಎಂದು ವಿಜ್ಞಾನದವಳಿಗೆ ಹೊಳೆಯಲೇ ಇಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಅತ್ತೆ ಬಿಡಿಸುತ್ತಿದ್ದ ಹುಣಸೆಹಣ್ಣಿನ ಮೇಲೇ ವಾಲಿಕೊಂಡಿದ್ದರು. ಮೈ ಕೆಂಡ. ತುಟಿ ಒಣಗಿ ಒಡೆದಿತ್ತು. ಎಂದೋ ತೀರಿಕೊಂಡ ತಮ್ಮ ತಂಗಿಯ ಹೆಸರಿಂದ ನನ್ನನ್ನು ಕರೆದರು. ಒದ್ದೆ ಸೀರೆ ಸುತ್ತಿ, ಗಂಡನಿಗೆ ಹೇಳಿಕಳಿಸಿ, ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಎರಡು ಬಾಟಲಿ ಗ್ಲೂಕೋಸು ಹೋದಮೇಲೆ ಅವರಿಗೆ ನನ್ನ ಗುರುತು ಹತ್ತಿತು.

"ನೀರು ಕುಡೀತಿರ್ಲಿಲ್ವಾ ಅತ್ತೆ?" ಎಂದೆ.

"ಗಿಡಕ್ಕೆ ಉಯ್ತಿದ್ದೆ ಕಣವ್ವ. ನೀನು ಬೇಜಾರ್ ಮಾಡ್ಕತೀಯ ಅಂತ." ಆಮೇಲೆ ದನಿ ತಗ್ಗಿಸಿದರು. "ಕುಡುದ್ರೆ ಇತ್ಲಿಗೆ ಓಗ್ಬೇಕಲ್ಲ. ಕಕ್ಕಸಲ್ಲಿ ಕುಂತ್ರೆ ಏಳಕ್ಕಾಗಕಿಲ್ಲ. ಒಂದಿನ ಅಂಗೇ ಕುಂತಿದ್ದೆ, ನೀನು ಬರೋಗಂಟ. ಯಾರ್ನ ಕೂಗ್ಲಿ?"

ಆ ದಿನ ಯಾವುದೋ ನನಗೆ ಗೊತ್ತಿಲ್ಲ. ಬಹುಶಃ ಅವತ್ತೂ ಬಂದ ತಕ್ಷಣ ಚೆಂಬು ನೋಡಿ ಖುಷಿಪಟ್ಟಿರಬೇಕು.

ಬಾಗಿಲ ಬಳಿ ನಿಂತಿದ್ದ ನನ್ನ ಗಂಡ ಒಳಗೆ ಬಂದ. ಅಮ್ಮನ ಕಾಲ ಬಳಿ ಕೂತು, ಪಾದದಿಂದ ಮಂಡಿಗೆ ದಾರ ಹಿಡಿದು ಅಳತೆ ತೆಗೆದ. ಎರಡೇ ದಿನದಲ್ಲಿ ನಡುವೆ ತೂತಿದ್ದ, ಊರಿ ಏಳಲು ಎರಡೂ ಕಡೆ ಗಟ್ಟಿ ಕೈಯಿದ್ದ ಕುರ್ಚಿಯೊಂದು ಕಕ್ಕಸಿನಲ್ಲಿ ಕೂತಿತು. ಹಿತ್ತಲ ಬಾಗಿಲಿಂದ ಅಲ್ಲಿಯತನಕ ಹಿಡಿದು ನಡೆಯಲು ಗೋಡೆಗೆ ಉದ್ದದ ಪಟ್ಟಿಯೂ ಬಂತು.

"ಲೇ, ಸಿಮ್ಮಾಸ್ನನೇ ಮಾಡ್ಬುಟ್ಟಿದ್ದೀಯಲ್ಲಾ!" ಎಂದು ಅತ್ತೆ ನಕ್ಕರು. ಅವತ್ತಿನಿಂದ ನೀರನ್ನು ಅವರೇ ಕೇಳಿ ಕುಡಿಯತೊಡಗಿದರು.

ವಾರದೊಳಗೆ ಎದುರುಮನೆಯ ಪುಟ್ಟಮ್ಮಜ್ಜಿ, "ಅದೇನೋ ಕುರ್ಚಿಯಂತೆ" ಎಂದು ನೋಡಲು ಬಂದರು. ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದವರು ಅಡುಗೆಮನೆ ಬಾಗಿಲಲ್ಲಿ ನಿಂತು, "ಒಂದ್ ಚೊಂಬು ಮಜ್ಜಿಗೆ ಕೊಡವ್ವ" ಎಂದರು. ಕೊಟ್ಟೆ. ಒಂದೇ ಉಸಿರಿಗೆ ಕುಡಿದು, ಚೆಂಬನ್ನು ಮತ್ತೆ ಮುಂದೆ ಹಿಡಿದರು. ಆ ಬೀದಿಯಲ್ಲಿ ಎಷ್ಟು ಜನ ಅಜ್ಜಿಯರು ಎಷ್ಟು ಬೇಸಿಗೆಯಿಂದ ಹೀಗೆ ಬಾಯಾರಿ ಕೂತಿದ್ದರೋ.