ಮಾವನವರ ಒಪ್ಪತ್ತಿಗೆ ತಾಯಿ ಹುಡುಕಿದವರು

ನಮ್ಮ ಮಹಡಿಮನೆಯ ಡಾಕ್ಟ್ರಮ್ಮನ ಸೀರೆಗೆ ಯಾವಾಗಲೂ ಒಂದೆರಡು ಹಳದಿ ಚೀಟಿ ಅಂಟಿಕೊಂಡಿರುತ್ತಿದ್ದವು. ಅಂಗೈ ಅಗಲದ, ಹಿಂದೆ ಗೋಂದು ಇರುವ ಚೀಟಿಗಳು. ಒಂದು ಬೆಳಿಗ್ಗೆ ಅವರು ಸೊಪ್ಪಿನ ಗಾಡಿಯ ಮುಂದೆ ಬಗ್ಗಿ ಮೆಂತ್ಯ ಆರಿಸುತ್ತಿದ್ದಾಗ ಬೆನ್ನ ಮೇಲೆ ‘ಮೂತ್ರಪಿಂಡ’ ಎಂದು ದಪ್ಪಕ್ಷರದಲ್ಲಿ ಬರೆದದ್ದು ಕಾಣುತ್ತಿತ್ತು. ಸೊಪ್ಪಿನವಳು ನನ್ನ ಮುಖ ನೋಡಿದಳು. ನಾನು ಮೆಲ್ಲಗೆ ಕಿತ್ತು ಅವರ ಕೈಗೆ ಕೊಟ್ಟೆ.

“ಅಯ್ಯೋ, ನಿನ್ನೆಯಿಂದ ಇದನ್ನೇ ಹುಡುಕ್ತಿದ್ದೆ ಕಣ್ರೀ! ಇದಿಲ್ದೆ ಎಷ್ಟು ಮಾತ್ರೆಗಳು ಅನಾಥವಾಗಿದ್ವು ಗೊತ್ತಾ?” ಎಂದು ಸಂಭ್ರಮದಿಂದ ಪರ್ಸಿಗೆ ಹಾಕಿಕೊಂಡರು.

ಬೇಗೂರಿನ ನಮ್ಮ ಮನೆಗೆ ಬಾಡಿಗೆಗೆ ಬಂದಾಗ ಅವರು ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿದ್ದರು. ಒಂಟಿ ಹೆಂಗಸು. ದಿನಾ ಬೆಳಿಗ್ಗೆ ಕ್ಯಾಬ್ ಹತ್ತಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪ್ಯೂಟರ್ ಕಂಪನಿಗೆ ಹೋಗುತ್ತಿದ್ದರು. ಡಾಕ್ಟರಿಗೆ ಅಲ್ಲೇನು ಕೆಲಸ ಎಂದು ನಮ್ಮ ಮಾವನವರಿಗೆ ಮೊದಲ ದಿನದಿಂದಲೂ ಅನುಮಾನ.

“ಕಂಪ್ಯೂಟ್ರಿಗೂ ಜರ ಬತ್ತದೇನವ್ವ?” ಎಂದು ಕೇಳಿಯೇಬಿಟ್ಟರು.

“ಜ್ವರ ಬರಲ್ಲ ಯಜಮಾನ್ರೇ. ಜ್ವರ ಅಂದ್ರೇನು ಅಂತ್ಲೂ ಗೊತ್ತಿಲ್ಲ ಅದಕ್ಕೆ. ಅದನ್ನೇ ಹೇಳಿಕೊಡೋಕೆ ಹೋಗ್ತೀನಿ.”

ಆಮೇಲೆ ನನಗೆ ಬಿಡಿಸಿ ಹೇಳಿದರು. ಯಾವ ಕಾಯಿಲೆಗೆ ಯಾವ ಮಾತ್ರೆ, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ದೊಡ್ಡ ದೊಡ್ಡ ವೈದ್ಯರು ಕೂತು ನಿಯಮದ ಪುಸ್ತಕ ಬರೆದಿರುತ್ತಾರಂತೆ. ಅಷ್ಟು ದಪ್ಪದ ಪುಸ್ತಕವನ್ನು ರೋಗಿ ಎದುರಿಗೆ ಕೂತಿರುವಾಗ ಯಾವ ಡಾಕ್ಟರು ತಿರುವಿಹಾಕುತ್ತಾರೆ? ಅದಕ್ಕೇ ಅದನ್ನು ಕಂಪ್ಯೂಟರಿಗೆ ತುಂಬುವುದು. ಡಾಕ್ಟರು ಮರೆತರೆ ಅದು ನೆನಪಿಸುವುದು. ಆದರೆ ಕಂಪ್ಯೂಟರಿಗೆ ಬರೀ ಮಾತು ತುಂಬಿದರೆ ಆಗದು. ಪ್ರತಿಯೊಂದು ಮಾತಿಗೂ ನೆಂಟಸ್ತಿಕೆ ಹೇಳಿಕೊಡಬೇಕು: ಇದು ಕಾಯಿಲೆ, ಇದು ಆ ಕಾಯಿಲೆಯ ಒಂದು ಬಗೆ, ಇದು ಅದರ ಲಕ್ಷಣ, ಈ ಮಾತ್ರೆಗೂ ಆ ಅಂಗಕ್ಕೂ ಆಗಿಬರುವುದಿಲ್ಲ. ಮದುವೆಮನೆಯಲ್ಲಿ ಹೊಸ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವರು ಚಿಕ್ಕತ್ತೆ, ಅವರ ಮುಂದೆ ಇವರ ಸುದ್ದಿ ಎತ್ತಬೇಡ ಎಂದು ಪಿಸುಗುಟ್ಟುತ್ತೇವಲ್ಲ, ಹಾಗೆಯೇ. ಈ ಹೋಲಿಕೆ ಹೇಳಿದ್ದಕ್ಕೆ ಅವರು ನನ್ನನ್ನು ತಬ್ಬಿಕೊಂಡರು. ಬಿಡಿಸಿಕೊಂಡಾಗ ನನ್ನ ಭುಜದ ಮೇಲೆ ‘ಭೇದಿ’ ಎಂಬ ಚೀಟಿ ಇತ್ತು.

ಅವರ ನಡುಮನೆಯ ಗೋಡೆ ತುಂಬ ಇಂಥ ಚೀಟಿಗಳೇ. ಮೇಲೊಂದು ದೊಡ್ಡದು, ಅದರ ಕೆಳಗೆ ಚಿಕ್ಕವು, ನಡುವೆ ದಾರ. ಮೇಲಿನದು ತಾಯಿ, ಕೆಳಗಿನವು ಮಕ್ಕಳು. ಈ ಚಾಳಿ ಅವರಿಗೆ ಎಷ್ಟು ಹತ್ತಿತ್ತೆಂದರೆ, ಏನು ಕಂಡರೂ “ಇದರ ತಾಯಿ ಯಾರು?” ಎನ್ನುತ್ತಿದ್ದರು. ಒಮ್ಮೆ ಚಿತ್ರಾನ್ನ ಒಯ್ದುಕೊಟ್ಟೆ.

“ಇದರ ತಾಯಿ ಯಾರು?”

“ಅನ್ನ.”

“ಅನ್ನದ ತಾಯಿ?”

“ಅನ್ನಪೂರ್ಣೇಶ್ವರಿ,” ಎಂದೆ.

ಅವರಿಗೆ ತುತ್ತು ನೆತ್ತಿಗೆ ಹತ್ತಿತು. “ಅಷ್ಟು ಮೇಲಕ್ಕೆ ನನ್ನ ದಾರ ಸಾಲಲ್ಲ ಕಣ್ರೀ!”

ದೇವರ ವಿಷಯದಲ್ಲಿ ಅವರಿಗೂ ನನಗೂ ಹೊಂದುತ್ತಿರಲಿಲ್ಲ. ಪ್ರಸಾದ ಕೊಟ್ಟರೆ ತಿನ್ನುತ್ತಿದ್ದರು, ಕೈ ಮುಗಿಯುತ್ತಿರಲಿಲ್ಲ. ತಿಂದರಲ್ಲ, ಅದೂ ಒಂದು ಎಂದು ನಾನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದೆ. ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ದೀಪ ಹಚ್ಚುವಾಗ ಬೆರಳು ಮಡಿಸಿ ಎಣಿಸುವುದು ನನ್ನ ಅಭ್ಯಾಸ.

ಅವುಗಳಲ್ಲಿ ದೊಡ್ಡದೊಂದಿದೆ. ನಮ್ಮ ಯಜಮಾನರ ಬಲಗೈ ಪೀಣ್ಯದ ಫ್ಯಾಕ್ಟರಿಯ ಯಂತ್ರಕ್ಕೆ ಸಿಕ್ಕಿಯೂ ಐದು ಬೆರಳು ಉಳಿದವು. ಅಂದು ನಾನು ಹರಕೆ ಹೊತ್ತೆ: ಬದುಕಿರುವ ತನಕ ಏಕಾದಶಿ, ಹನಿ ನೀರೂ ಮುಟ್ಟದೆ. ವರ್ಷಗಟ್ಟಲೆ ನಡೆಸಿಕೊಂಡು ಬಂದೆ. ಆಮೇಲೆ ಸಕ್ಕರೆ ಕಾಯಿಲೆ ಬಂತು. ರಸ್ತೆ ಕೊನೆಯ ಕ್ಲಿನಿಕ್ಕಿನ ಡಾಕ್ಟರು, “ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ,” ಎಂದರು. ನಾನು ತಪ್ಪಿಸಲಿಲ್ಲ. ಏಕಾದಶಿಯಂದೂ ಮಾತ್ರೆಯನ್ನು ನೀರಿಲ್ಲದೆ ನುಂಗುತ್ತಿದ್ದೆ. ಮಾತ್ರೆ ಆಹಾರವಲ್ಲವಲ್ಲ! ಹರಕೆಯೂ ಉಳಿಯಿತು, ಡಾಕ್ಟರ ಮಾತೂ ಉಳಿಯಿತು ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಒಂದು ಏಕಾದಶಿಯ ಬೆಳಿಗ್ಗೆ ತುಳಸಿಕಟ್ಟೆ ಸುತ್ತುವಾಗ ಮೈಯೆಲ್ಲ ಬೆವರಿತು, ಕೈ ನಡುಗಿತು. ತುಳಸಿಗೆ, “ಬನ್ನಿ, ಕೂತ್ಕೊಳಿ, ಕಾಫಿ ಮಾಡ್ತೀನಿ,” ಎಂದು ಉಪಚಾರ ಹೇಳುತ್ತಿದ್ದೆನಂತೆ. ಆ ದಿನ ಹೊಸೂರು ರಸ್ತೆಯಲ್ಲಿ ಲಾರಿ ಮಗುಚಿ ಡಾಕ್ಟ್ರಮ್ಮನ ಕ್ಯಾಬ್ ಬಂದಿರಲಿಲ್ಲ. ಲಾರಿ ಮಗುಚಿದ್ದನ್ನು ದೇವರ ದಯೆ ಎನ್ನಬಾರದು. ಡ್ರೈವರಿಗೆ ಏನೂ ಆಗಲಿಲ್ಲವೆಂದು ಆಮೇಲೆ ತಿಳಿಯಿತು, ಆದ್ದರಿಂದ ಎನ್ನುತ್ತೇನೆ. ಅವರು ಮೆಟ್ಟಿಲಿಳಿದು ಓಡಿಬಂದು, ನನಗೆ ನುಂಗುವಷ್ಟು ಎಚ್ಚರವಿದೆಯೇ ಎಂದು ನೋಡಿ, ಸಕ್ಕರೆ ನೀರು ಕುಡಿಸಿದರು.

ಪೂರ್ತಿ ಎಚ್ಚರವಾದದ್ದೇ ನಾನು ಅಳತೊಡಗಿದೆ. “ವ್ರತ ಕೆಡಿಸ್ಬಿಟ್ರಲ್ಲ ಡಾಕ್ಟ್ರಮ್ಮ! ಅವರ ಕೈಗೆ ಏನಾದ್ರೂ ಆದ್ರೆ?”

“ಹೊಟ್ಟೇಲಿ ಏನೂ ಇಲ್ದೆ ಆ ಮಾತ್ರೆ ನುಂಗಿದ್ರೆ ಸಕ್ಕರೆ ಪಾತಾಳಕ್ಕಿಳಿಯತ್ತೆ ಕಣ್ರೀ! ಕೆಟ್ಟಿದ್ದು ವ್ರತ, ಉಳಿದಿದ್ದು ನೀವು. ದೇವರು ಕೇಳಿದ್ರೆ ಮಹಡಿಮನೆಯೋಳು ಕುಡಿಸಿದ್ಲು ಅಂತ ನನ್ನ ಮೇಲೆ ಹಾಕಿ,” ಎಂದರು. ಆಮೇಲೆ ತಮಗೆ ತಾವೇ ಹೇಳಿಕೊಂಡರು: “ನನ್ನ ಗೋಡೆ ಮೇಲೆ ಐನೂರು ಚೀಟಿ ಇದೆ. ಏಕಾದಶಿ ಇಲ್ಲ.”

ಅಂದು ಸಂಜೆ ಅವರು ನನ್ನ ಅಡುಗೆಮನೆಯಲ್ಲಿ ಚೀಟಿ ಕಟ್ಟು ಹಿಡಿದು ಕೂತರು. ನಾನು ಹೇಳುತ್ತಾ ಹೋದೆ: ನೀರೂ ಇಲ್ಲದ ಉಪವಾಸ, ಹಣ್ಣು ಹಾಲಿನ ಉಪವಾಸ, ಸಂಕಷ್ಟಿಯಲ್ಲಿ ಚಂದ್ರ ಕಾಣುವ ತನಕ, ಶನಿವಾರದ ಒಪ್ಪತ್ತು. ಪಕ್ಕದ ಬೀದಿಯ ಸಾಬರ ಮನೆಯವರ ರಂಜಾನ್ ಉಪವಾಸವನ್ನೂ ಡಾಕ್ಟ್ರಮ್ಮನೇ ಹೋಗಿ ಕೇಳಿ ಬರೆದುಕೊಂಡರು. “ಈಗ ನಿಯಮದ ಪುಸ್ತಕದಲ್ಲಿ ನಿಮಗೇನಾದ್ರೂ ರಿಯಾಯಿತಿ ಇದ್ಯಾ ನೋಡ್ಕೊಂಡು ಬನ್ನಿ.”

“ಯಾವ ಪುಸ್ತಕ?”

“ನಿಮ್ಮದು. ದೇವರದು.”

ಗುಡಿಯ ಅರ್ಚಕರನ್ನು ಕೇಳಿದೆ. ಬಾಲರು, ವೃದ್ಧರು, ಆತುರರು, ಎಂದರೆ ಕಾಯಿಲೆಯವರು, ಈ ಮೂವರಿಗೂ ಕಟ್ಟುನಿಟ್ಟಿಲ್ಲ, ಹಣ್ಣು ಹಾಲು ತೆಗೆದುಕೊಂಡರೂ ಹರಕೆ ಸಲ್ಲುತ್ತದೆ ಎಂದರು. ಬಂದು ಹೇಳಿದರೆ ಡಾಕ್ಟ್ರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. “ನೋಡ್ರೀ! ಇದನ್ನೇ ನಮ್ಮ ಆಫೀಸಿನ ಮಕ್ಕಳಿಗೆ ಬಾಯಿ ಬಡ್ಕೊಂಡು ಹೇಳ್ತೀನಿ. ನಿಯಮ ಬರೆಯೋದು ಸುಲಭ, ಯಾರಿಗೆ ಬೇಡ ಅಂತ ಬರೆಯೋದೇ ಬುದ್ಧಿವಂತಿಕೆ. ನಿಮ್ಮೋರು ಎಂದೋ ಬರೆದಿಟ್ಟಿದಾರೆ!” ಅಂದಿನಿಂದ ಏಕಾದಶಿಗೆ ನನಗೆ ಹಣ್ಣು, ಹಾಲು, ಬೇರೆ ಅಳತೆಯ ಮಾತ್ರೆ. ಹರಕೆ ಮುರಿಯಲಿಲ್ಲ. ಯಜಮಾನರ ಐದು ಬೆರಳೂ ಇವತ್ತಿಗೂ ನೆಟ್ಟಗಿವೆ.

ಆದರೆ ಅಲ್ಲಿಯೇ ಡಾಕ್ಟ್ರಮ್ಮ ಒಂದು ತಪ್ಪು ಮಾಡಿದರು. ನಾನೂ ಅದರಲ್ಲಿ ಪಾಲುದಾರಳೇ. ಎಲ್ಲ ವ್ರತಗಳನ್ನೂ ‘ಉಪವಾಸ’ ಎಂಬ ಒಬ್ಬಳೇ ತಾಯಿಯ ಕೆಳಗೆ ಅಂಟಿಸಿಬಿಟ್ಟರು. ಆ ಕಂಪ್ಯೂಟರು ನಮ್ಮ ಕ್ಲಿನಿಕ್ಕಿಗೇ ಪರೀಕ್ಷೆಗೆ ಬಂತು. ಮಾವನವರಿಗೂ ಸಕ್ಕರೆ ಕಾಯಿಲೆ. ನರ್ಸ್ ಹುಡುಗಿ ಕೇಳಿದಳು, “ತಾತ, ವ್ರತ ಏನಾದ್ರೂ ಮಾಡ್ತೀರಾ?”

“ಮಾಡ್ದೆ ಏನವ್ವ? ಸನಿವಾರ ಒಪ್ಪತ್ತು. ತಪ್ಪಿಸಿದ್ದೇ ಇಲ್ಲ.”

ಅವಳು ಪರದೆಯಲ್ಲಿ ‘ಒಪ್ಪತ್ತು’ ಒತ್ತಿದಳು. ಉಪವಾಸದ ದಿನ ರಾತ್ರಿಯ ಮಾತ್ರೆ ಬೇಡ ಎಂದು ಬಂತು. ಡಾಕ್ಟರೂ ತಲೆಯಾಡಿಸಿದರು. ಮಾವನವರಿಗೆ ಕುಂಭಾಭಿಷೇಕ ಮಾಡಿಸಿದಷ್ಟು ಆನಂದ. “ಕಂಪ್ಯೂಟ್ರೇ ಏಳೈತೆ, ವೆಂಕಟ್ರಮಣಸ್ವಾಮಿ ಒಕ್ಕಲಿಗೆ ಸನಿವಾರ ಮಾತ್ರೆ ಬ್ಯಾಡ ಅಂತ,” ಎಂದು ಅರಳಿಕಟ್ಟೆಯಲ್ಲೆಲ್ಲ ಸಾರಿದರು. ಕೆಲವು ವಾರ ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮಹಡಿ ಹತ್ತಿ ಕೂತಿತ್ತು.

ಡಾಕ್ಟ್ರಮ್ಮನ ಮುಖ ಬಿಳಿಚಿತು. ಮುಂದಿನ ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಪೆನ್ನು ಹಿಡಿದು ನಮ್ಮ ಮನೆಗೆ ಬಂದು ಕೂತರು. ಮಾವನವರು ಮೂರು ನಾಮ ಎಳೆದುಕೊಂಡು ಒಪ್ಪತ್ತಿನ ಫಲಾಹಾರಕ್ಕೆ ಎಲೆಯ ಮುಂದೆ ಕೂತರು. ಉಪ್ಪಿಟ್ಟು ಎರಡು ಸಲ ಬಡಿಸಿದೆ. ಮೂರು ಚಪಾತಿ, ಆಲೂಗಡ್ಡೆ ಪಲ್ಯ. ದೇವರಿಗೆ ನೈವೇದ್ಯವಾದ ಕೇಸರಿಬಾತು. ಎರಡು ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು. ಡಾಕ್ಟ್ರಮ್ಮ ಬರೆದರು, ಬರೆದರು, ಕೊನೆಗೆ ಪೆನ್ನು ಕೆಳಗಿಟ್ಟರು.

“ಯಜಮಾನ್ರೇ, ಇದು ಉಪವಾಸಾನಾ?”

“ಅನ್ನ ಮುಟ್ಟಿದ್ನಾ ನೋಡವ್ವ,” ಎಂದರು ಮಾವನವರು, ಎಲೆಯನ್ನು ಸಾಕ್ಷಿಗೆಂದು ತೋರಿಸುತ್ತಾ. “ಒಂದಗುಳು ಐತಾ?”

ಡಾಕ್ಟ್ರಮ್ಮ ನಕ್ಕ ನಗುವಿಗೆ ಮಹಡಿಯ ಪಾರಿವಾಳಗಳು ಹಾರಿದವು. ಕಣ್ಣೊರೆಸಿಕೊಂಡು ನನಗೆ ಹೇಳಿದರು, “ತಪ್ಪು ನಂದೇ. ತಾಯಿಗೆ ಏನು ಹೇಳ್ತೀವೋ ಅದೆಲ್ಲ ಮಕ್ಕಳಿಗೂ ಅಂಟತ್ತೆ ಈ ಕಂಪ್ಯೂಟರಲ್ಲಿ. ನಿಮ್ಮ ಹೊಟ್ಟೆಗಿಲ್ಲದ ಏಕಾದಶೀನೂ ಇವರ ಒಪ್ಪತ್ತನ್ನೂ ಒಂದೇ ಮಡಿಲಲ್ಲಿ ಕೂರಿಸ್ದೆ. ನೀವಾದ್ರೂ ಹೇಳಬಾರ್ದಾ?”

“ಮಾವನವರ ಊಟ ಎಣಿಸೋದು ಸೊಸೆಗೆ ಮರ್ಯಾದೆನಾ ಡಾಕ್ಟ್ರಮ್ಮ?” ಎಂದೆ.

ಅವತ್ತೇ ಮೇಲೆ ಹೋಗಿ ಆ ಚೀಟಿಯನ್ನು ‘ಉಪವಾಸ’ದ ಕೆಳಗಿನಿಂದ ಕಿತ್ತು, ಎಲ್ಲಿಡಬೇಕೆಂದು ಗೋಡೆಯ ಉದ್ದಕ್ಕೂ ಅಲೆದರು. ಕೊನೆಗೆ ‘ಊಟ’ದ ಕೆಳಗೆ ಅಂಟಿಸಿ ಹೆಬ್ಬೆರಳಿಂದ ಒತ್ತಿದರು. ಮಾತ್ರೆ ತಪ್ಪಿಸುವಂತಿಲ್ಲ ಎಂದು ಮಾವನವರಿಗೆ ತಾವೇ ಬಂದು ಹೇಳಿದರು. ಮಾವನವರು ಒಂದು ವಾರ ಡಾಕ್ಟ್ರಮ್ಮನೊಂದಿಗೆ ಮಾತು ಬಿಟ್ಟರು. ಎಂಟನೆಯ ದಿನ ನುಗ್ಗೆಸೊಪ್ಪು ಕಿತ್ತು, “ಮೇಲಿನವ್ವಂಗೆ ಕೊಡು,” ಎಂದರು.

ಹೋದ ವರ್ಷ ಡಾಕ್ಟ್ರಮ್ಮ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ನಾನು ಗಂಜಿ ಒಯ್ದೆ. ಮುಚ್ಚಳ ತೆಗೆದಾಗ ಇಣುಕಿ ನೋಡಿ, “ಇದರ ತಾಯಿ ಯಾರು?” ಎಂದರು.

“ಸುಮ್ನೆ ಕುಡೀರಿ,” ಎಂದೆ.

ಕುಡಿದರು. ಎರಡು ದಿನಕ್ಕೆ ಹೋಗಿಬಿಟ್ಟರು. ಅಂದು ನಾನು ಅನ್ನಪೂರ್ಣೇಶ್ವರಿ ಎಂದು ಉತ್ತರ ಹೇಳಬಹುದಿತ್ತು, ಇನ್ನೊಮ್ಮೆ ನಗುತ್ತಿದ್ದರು. ಆದರೂ ಅವರ ಕೊನೆಯ ಗುಟುಕುಗಳಲ್ಲಿ ನನ್ನ ಮನೆಯ ಅಕ್ಕಿ ಇತ್ತು. ದೀಪ ಹಚ್ಚುವಾಗ ಅದಕ್ಕೂ ಒಂದು ಬೆರಳು ಮಡಿಸುತ್ತೇನೆ.

ಮೊನ್ನೆ ಶನಿವಾರ ಮಾವನವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನರ್ಸ್ ಹುಡುಗಿ ಹೊಸಬಳು, ನಮ್ಮನ್ನು ಅರಿಯಳು. ಪರದೆ ನೋಡಿಕೊಂಡು ಕೇಳಿದಳು, “ತಾತ, ಇವತ್ತೇನಾದ್ರೂ ವ್ರತ ಇದ್ಯಾ? ನೀರೂ ಕುಡಿಯಲ್ವಾ? ಹಣ್ಣು ಹಾಲಾ? ಒಪ್ಪತ್ತಾ?” ಆಮೇಲೆ ಹುಬ್ಬು ಗಂಟಿಕ್ಕಿದಳು. “ಅಕ್ಕಾ, ಇಲ್ಲಿ ಇನ್ನೊಂದು ಇದೆ. ‘ಬೇಗೂರು ಯಜಮಾನರ ಒಪ್ಪತ್ತು, ಅನ್ನ ಬಿಟ್ಟು ಎಲ್ಲ’ ಅಂತ. ಇದೇನಂತ ಗೊತ್ತಾಗ್ತಿಲ್ಲ.”

ಮಾವನವರು ಹೆಗಲ ಟವೆಲನ್ನು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಅದು ನಂದೇ ಕಣವ್ವ,” ಎಂದರು. “ಒತ್ತು.”