ಇಚಿಲಂಪಾಡಿ ಡಿಪೋದ ಇಪ್ಪತ್ತೇಳು ಟಿಕೆಟ್‌ಗಳು

ಬೆಳಗ್ಗೆ ಆರೂಕಾಲು. ಇಚಿಲಂಪಾಡಿಯ ರಬ್ಬರ್ ಶೀಟ್ ಡಿಪೋದ ಶಟರನ್ನು ಸೇವಂತಿ ಸೊಂಟದ ಎತ್ತರಕ್ಕೆ ಮಾತ್ರ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ. ಪೂರ್ತಿ ಎತ್ತಿದರೆ ತೂಕ ಶುರುವಾಯಿತೆಂದು ಜನ ಬಂದುಬಿಡುತ್ತಾರೆ. ಏಳು ಗಂಟೆಯವರೆಗಿನ ಹೊತ್ತು ಅವರಿಗೆ ಕಂಪ್ಯೂಟರಿಗೆ ಬೇಕು. ಆಮೇಲೆ ಎಲ್ಲ ಡಿಪೋದವರೂ ಒಟ್ಟಿಗೆ ಕಂಪನಿಯ ತಂತ್ರಾಂಶದೊಳಗೆ ಹೊಕ್ಕು, ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತದೆ.

ಒಳಗೆ ಹೊಗೆಯ ವಾಸನೆ. ಮೂರು ಗೋಡೆಗಳಿಗೂ ಕಂದು ಶೀಟುಗಳ ಅಟ್ಟಿ. ನಾಲ್ಕನೆಯ ಗೋಡೆಗೆ ಒತ್ತಿ ಒಂದು ಮೇಜು, ಒಂದು ಕುರ್ಚಿ. ಸೇವಂತಿ ಬಲಗೈಯ ತೋರುಬೆರಳಿನಿಂದ ಒಂದೊಂದೇ ಅಂಕಿ ಒತ್ತುತ್ತಾರೆ. ‘ಸೇವ್’ ಮಾಡುವ ಮೊದಲು ಕೈಯನ್ನು ಮೌಸಿನಿಂದ ತೆಗೆದು ಸೀರೆಗೆ ಒರೆಸಿ ಮತ್ತೆ ಇಡುತ್ತಾರೆ.

“ಒತ್ತಿದ ಮೇಲೆ ಅಳಿಸ್ಲಿಕ್ಕೆ ಆಗುದಿಲ್ಲ ಇದ್ರಲ್ಲಿ. ಪುಸ್ತಕ ಆದ್ರೆ ಒಂದು ಗೀಟು ಎಳೆದ್ರೆ ಮುಗೀತು” ಎನ್ನುತ್ತಾರೆ.

ಇಂದು ತಿಂಗಳ ಕೊನೆಯ ದಿನ. ಸಂಜೆ ಐದರೊಳಗೆ ಈ ಡಿಪೋದ ಲೆಕ್ಕಕ್ಕೂ ಅಟ್ಟಿಯಲ್ಲಿರುವ ಶೀಟಿಗೂ ತಾಳೆಯಾಗಿ, ಪರದೆಯ ಮೇಲಿನ ಪಟ್ಟಿ ಹಸಿರಾಗಬೇಕು. ಅದನ್ನು ಸೇವಂತಿ ಯಾರ ಸಹಾಯವೂ ಇಲ್ಲದೆ ಮಾಡಬೇಕು. ಆಗದಿದ್ದರೆ ಡಿಪೋವನ್ನು ಪುತ್ತೂರಿನದಕ್ಕೆ ಸೇರಿಸುತ್ತೇವೆಂದು ಕಂಪನಿ ಹದಿನೈದು ದಿನಗಳ ಹಿಂದೆ ಬರೆದು ತಿಳಿಸಿದೆ. ಸೇರಿಸಿದರೆ ಸೇವಂತಿಗೆ ಕೆಲಸವಿಲ್ಲ.

ಅವರಿಗೆ ನಲವತ್ತನಾಲ್ಕು ವರ್ಷ. ಊರು ಸಂಪಾಜೆಯ ಹತ್ತಿರ, ಮನೆಮಾತು ಅರೆಭಾಷೆ. ಎಂಟನೇ ತರಗತಿಗೆ ಶಾಲೆ ಬಿಟ್ಟವರು. ಮದುವೆಯಾಗಲಿಲ್ಲ, ಯಾಕೆಂದು ಅವರು ಹೇಳುವುದಿಲ್ಲ. ಕಡಬದಲ್ಲಿ ಒಂದು ಬಾಡಿಗೆ ಕೋಣೆ. ಹದಿನಾರು ವರ್ಷದಿಂದ ಇದೇ ಡಿಪೋ. ಮೊದಲು ಇಲ್ಲಿ ಮೂವರಿದ್ದರು. ಮಹೇಶ್ವರ ತೂಕ ನೋಡುತ್ತಿದ್ದರು, ಮೋಹಿನಿ ಪುಸ್ತಕ ಬರೆಯುತ್ತಿದ್ದರು, ಸೇವಂತಿ ಶೀಟನ್ನು ಬೆಳಕಿಗೆ ಹಿಡಿದು ದರ್ಜೆ ವಿಂಗಡಿಸುತ್ತಿದ್ದರು. ಹತ್ತೂವರೆಗೆ ಮೂವರೂ ಒಟ್ಟಿಗೆ ಚಾ ಕುಡಿಯುತ್ತಿದ್ದರು. ಕಳೆದ ವರ್ಷ ಕಂಪನಿ ಇಆರ್‌ಪಿ ತಂದಿತು. ಯಾರು ಕೊಟ್ಟದ್ದು, ಎಷ್ಟು ತೂಕ, ಯಾವ ದರ್ಜೆ, ಯಾವ ಅಟ್ಟಿ, ಯಾವ ಲಾರಿ, ಎಲ್ಲವೂ ಒಂದೇ ತಂತ್ರಾಂಶದಲ್ಲಿ. ಹಾಗಾಗಿ ಒಬ್ಬರು ಸಾಕು ಎಂದಾಯಿತು. ಉಳಿದಿಬ್ಬರು ಪುತ್ತೂರಿಗೆ ಹೋದರು.

“ಶೀಟ್ ನೋಡ್ಲಿಕ್ಕೆ ಗೊತ್ತಿದ್ದವಳು ನಾನೊಬ್ಬಳೇ. ಕಂಪ್ಯೂಟರ್ ಕಲೀಬಹುದು, ಶೀಟ್ ಕಲೀಲಿಕ್ಕೆ ಆಗುದಿಲ್ಲ ಅಂತ ಮ್ಯಾನೇಜರು ಹೇಳಿದ್ದು. ಕಲೀಬಹುದು ಅಂತ ಹೇಳ್ಲಿಕ್ಕೆ ಅವರಿಗೆ ಎಂತ ಕಷ್ಟ?”

ಮಂಗಳೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ಮೂವತ್ತು ಜನರ ನಡುವೆ ಕುಳಿತ ಸೇವಂತಿಗೆ ಒಂದು ಪ್ರಶ್ನೆ ಕೇಳಲೂ ಬಾಯಿ ಬರಲಿಲ್ಲ. ಊರಿಗೆ ಬಂದ ಮೇಲೆ ಉಳಿದದ್ದು ಸಹಾಯವಾಣಿ. ಏನಾದರೂ ತಿಳಿಯದಿದ್ದರೆ ಕಂಪ್ಯೂಟರಿನಲ್ಲಿ ಒಂದು ‘ಟಿಕೆಟ್’ ತೆರೆಯಬೇಕು. ಮರುದಿನ ಬೆಳಗ್ಗೆ ಅಲ್ಲಿಂದ ಫೋನ್ ಬರುತ್ತದೆ. ಗೊತ್ತಾಯಿತೆಂದರೆ ಟಿಕೆಟ್ ಮುಚ್ಚಬೇಕು. ಮುಚ್ಚದಿದ್ದರೆ ಮತ್ತೆ ಫೋನ್ ಬರುತ್ತದೆ.

ಫೋನ್ ಮಾಡುವ ಹುಡುಗಿ ರಮ್ಯಶ್ರೀ. ಮೂರನೇ ಕರೆಯಲ್ಲೇ ಅವಳು ಸುಳ್ಯದ ಕಡೆಯವಳೆಂದು ತಿಳಿಯಿತು. ನಾಲ್ಕನೆಯ ಕರೆಯಲ್ಲಿ, “ಅಕ್ಕಾ, ಎಂತ ಉಟ್ಟು ವಿಶೇಷ?” ಎಂದು, ವಿಶೇಷವೇನುಂಟೆಂದು, ಅರೆಭಾಷೆಯಲ್ಲೇ ಕೇಳಿದಳು. ಅಮ್ಮ ತೀರಿದ ಮೇಲೆ ಸೇವಂತಿಯ ಜೊತೆ ಆ ಮಾತಿನಲ್ಲಿ ದಿನವೂ ಮಾತಾಡಿದವರು ಯಾರೂ ಇರಲಿಲ್ಲ. ಇಲ್ಲಿ ಶೀಟು ತರುವವರು ತುಳು ಮಾತಾಡುತ್ತಾರೆ. ಲೋಡಿಗೆ ಬರುವ ಪಿಕಪ್‌ನ ಶಾಫಿಗೆ ಬ್ಯಾರಿ. ಕಂಪ್ಯೂಟರು ಕೇಳುವುದೆಲ್ಲ ಇಂಗ್ಲಿಷಿನಲ್ಲಿ.

“ಅವಳು ಹೇಳಿಕೊಟ್ಟದ್ದು ನನಗೆ ಗೊತ್ತಾಗ್ತಿತ್ತು. ಆದ್ರೆ ಟಿಕೆಟ್ ಮುಚ್ಚಿದ್ರೆ ನಾಳೆ ಫೋನ್ ಇಲ್ಲ ಅಲ್ವಾ?” ಹೇಳುವಾಗ ಸೇವಂತಿ ಪರದೆಯನ್ನೇ ನೋಡುತ್ತಿದ್ದಾರೆ. “ಹಾಗೆ ಇಟ್ಟುಕೊಂಡೆ. ಒಂದು, ಎರಡು... ಇಪ್ಪತ್ತೇಳಾಯ್ತು. ಅದನ್ನು ಮೇಲೆ ಕೂತವರು ಎಣಿಸ್ತಾರೆ ಅಂತ ನನಗೆ ಎಂತ ಗೊತ್ತು?”

ಎಣಿಸಿದರು. ಎಲ್ಲ ಡಿಪೋಗಳ ಪಟ್ಟಿಯಲ್ಲಿ ತೆರೆದ ಟಿಕೆಟ್ ಅತಿ ಹೆಚ್ಚು ಇದ್ದದ್ದು ಇಚಿಲಂಪಾಡಿಯದು. ಅಂದರೆ ಇಲ್ಲಿನವರಿಗೆ ಕಲಿಯಲು ಆಗಿಲ್ಲ. ಪತ್ರ ಬಂದದ್ದು ಹಾಗೆ. ಸೇವಂತಿ ಒಂದೇ ಬೆಳಗ್ಗೆ ಇಪ್ಪತ್ತಾರು ಟಿಕೆಟ್ ಮುಚ್ಚಿದರು. ಇಪ್ಪತ್ತೇಳನೆಯದು ಮಾತ್ರ ನಿಜವಾದ ತೊಂದರೆಯದು.

ಅದು ಬಾಳೆಕಜೆಯವರದ್ದು. ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಮನೆಯ ಹೆಸರೇ ಮನುಷ್ಯನ ಹೆಸರು. ಮೊದಲ ವಾರ ಪಟ್ಟಿ ತುಂಬುವಾಗ ಸೇವಂತಿಯೂ ಬಾಯಿಗೆ ಬಂದಂತೆಯೇ ತುಂಬಿದರು. ಆ ಮನೆಯ ದೇರಣ್ಣನೂ ‘ಬಾಳೆಕಜೆ ಡಿ.’, ಅವರ ತಮ್ಮ ದಾಮೋದರನೂ ‘ಬಾಳೆಕಜೆ ಡಿ.’. ತಿಂಗಳ ಮೊದಲಲ್ಲಿ ತಂತ್ರಾಂಶ ತಾನಾಗಿ ಒಂದು ಪ್ರಶ್ನೆ ಕೇಳಿತು: ಇವರಿಬ್ಬರೂ ಒಬ್ಬರೇ ಇರಬಹುದೇ? ಪ್ರಶ್ನೆ ಅರ್ಥವಾಗದೆ ಸೇವಂತಿ ‘ಎಸ್’ ಒತ್ತಿದರು. ಆಸ್ತಿ ಪಾಲಾಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಬ್ಬನೇ ಮನುಷ್ಯನಾದರು. ದೇರಣ್ಣನ ತೂಕದ ಚೀಟಿ ದಾಮೋದರನ ಹೆಸರಲ್ಲಿ ಹೊರಬಂತು.

ಒಮ್ಮೆ ಕೂಡಿಸಿದ್ದನ್ನು ಬಿಡಿಸಲು ಬರುವುದಿಲ್ಲ. ಇಬ್ಬರಿಗೂ ಹೊಸ ನಂಬರು ಕೊಟ್ಟು, ಕಳೆದ ನಾಲ್ಕು ತಿಂಗಳ ಅರವತ್ತೊಂದು ಚೀಟಿಗಳನ್ನು ರದ್ದು ಮಾಡಿ, ಒಂದೊಂದಾಗಿ ಮತ್ತೆ ತುಂಬಬೇಕು. “ನಾನೇ ಇಲ್ಲಿಂದ ಮಾಡಿಕೊಡ್ಲಾ ಅಕ್ಕಾ?” ಎಂದು ರಮ್ಯಶ್ರೀ ಕೇಳಿದಳಂತೆ. ಅವಳು ಮಾಡಿದರೆ ಅದು ಸಹಾಯವಾಗಿ ಲೆಕ್ಕಕ್ಕೆ ಹೋಗುತ್ತದೆ. ಸೇವಂತಿ ಬೇಡವೆಂದರು. ಆ ಟಿಕೆಟನ್ನೂ ಮುಚ್ಚಿದರು. ಅದು ಹದಿಮೂರು ದಿನದ ಹಿಂದೆ. ಅಂದಿನಿಂದ ಬೆಳಗಿನ ಫೋನ್ ಇಲ್ಲ.

ಯಾವ ಚೀಟಿ ಯಾರದ್ದೆಂದು ತಿಳಿಯಲು ಅಣ್ಣತಮ್ಮಂದಿರ ಮನಸ್ತಾಪವೇ ನೆರವಾಯಿತು. ಶೀಟು ಒಣಗಿಸುವ ಹೊಗೆಮನೆ ಪಾಲಾಗಲಿಲ್ಲ, ಒಂದೇ ಉಂಟು. ಎದುರಾಗಬಾರದೆಂದು ಇಬ್ಬರೂ ವಾರವನ್ನು ಹಂಚಿಕೊಂಡಿದ್ದಾರೆ. ಸೋಮವಾರ ಗುರುವಾರ ಬರುವುದು ಅಣ್ಣ, ಮಂಗಳವಾರ ಶುಕ್ರವಾರ ತಮ್ಮ. ಕ್ಯಾಲೆಂಡರು ಎದುರಿಟ್ಟುಕೊಂಡು ಸೇವಂತಿ ದಿನಕ್ಕೆ ಆರು ಚೀಟಿಯಂತೆ ಅರವತ್ತು ಮುಗಿಸಿದ್ದಾರೆ. ಉಳಿದದ್ದು ಒಂದು, ಎರಡು ವಾರದ ಹಿಂದಿನ ಬುಧವಾರದ್ದು, ಇಪ್ಪತ್ತೆರಡು ಕಿಲೋ. ಬುಧವಾರ ಇಬ್ಬರದ್ದೂ ಅಲ್ಲ. ಅಂದು ಜನ ತುಂಬಿದ್ದರು. ಕಟ್ಟನ್ನು ಜೀಪಿನವನು ಇಳಿಸಿ ಹೋಗಿದ್ದ.

ಎಂಟು ಗಂಟೆಗೆ ದೇರಣ್ಣನೇ ಬರುತ್ತಾರೆ. ಇಂದು ಗುರುವಾರ. ತಲೆಯ ಮೇಲಿನ ಕಟ್ಟನ್ನು ತಕ್ಕಡಿಗೆ ಹಾಕಿ, ಮೊದಲು ಚೀಟಿಯ ಹೆಸರನ್ನು ಎರಡು ಸಲ ಓದುತ್ತಾರೆ.

“ಇವತ್ತು ನಾನು ನಾನೇ ಅಲ್ವಾ ಮಾರಾಯ್ತಿ?”

“ನೀವೇ ದೇರಣ್ಣ.”

“ಹಿರಿಯರೆಲ್ಲ ಕೂತು ನಮ್ಮನ್ನು ಒಂದು ಮಾಡ್ಲಿಕ್ಕೆ ನೋಡಿದ್ರು, ಆಗ್ಲಿಲ್ಲ. ನೀನು ಒಂದು ಬೆರಳಲ್ಲಿ ಮಾಡಿದಿಯಲ್ಲ!”

“ಎರಡು ವಾರದ ಹಿಂದೆ ಬುಧವಾರ ಜೀಪಲ್ಲಿ ಕಟ್ಟು ಕಳಿಸಿದ್ದು ನೀವಾ?”

ದೇರಣ್ಣ ನೆನಪು ಮಾಡಿಕೊಳ್ಳುತ್ತಾರೆ. “ಜ್ವರ ಇತ್ತು ನಂಗೆ. ಹೆಂಡತಿ ಕಳಿಸಿದ್ಲೋ ಎಂತದೋ, ಅವಳು ಈಗ ಅಪ್ಪನ ಮನೆಯಲ್ಲಿ. ಅವನನ್ನು ಕೇಳು.”

“ಅವರಿಗೂ ನೆನಪಿಲ್ಲಂತೆ, ನಿಮ್ಮನ್ನು ಕೇಳ್ಲಿಕ್ಕೆ ಹೇಳಿದ್ದು.”

“ನನ್ನ ವಿಷಯ ಅವನಿಗೆಂತಕ್ಕೆ?” ಎನ್ನುತ್ತಾ ದೇರಣ್ಣ ಹೊರಟುಹೋಗುತ್ತಾರೆ.

ಇಂದು ಮೂವತ್ತೆಂಟು ಜನ, ಐನೂರ ಹತ್ತು ಕಿಲೋ. ಒಬ್ಬೊಬ್ಬರಿಗೂ ನಾಲ್ಕು ಪರದೆ ದಾಟಬೇಕು. ಹತ್ತೂವರೆಗೆ ಸೇವಂತಿ ಫ್ಲಾಸ್ಕಿನಿಂದ ಚಾ ಬಗ್ಗಿಸಿ, ನಿಂತೇ ಕುಡಿಯುತ್ತಾರೆ. ಕೊನೆಯವರು ಹೋಗುವಾಗ ಎರಡು ಗಂಟೆ. ಆಮೇಲೆ ಒಂದೊಂದೇ ಅಟ್ಟಿಯನ್ನು ಇಳಿಸುತ್ತಾರೆ. ಬುಧವಾರದ ಕಟ್ಟು ಸಿಗುವುದು ಮೂರನೆಯದರ ಅಡಿಯಲ್ಲಿ. ಮೇಲಿನ ಚೀಟಿಯಲ್ಲಿ ಇಬ್ಬರಿಗೂ ಸಲ್ಲುವ ಆ ಹಳೆಯ ನಂಬರು.

ಸೇವಂತಿ ಒಂದು ಶೀಟನ್ನು ಎಳೆದು ಬಾಗಿಲಿನ ಬೆಳಕಿಗೆ ಹಿಡಿಯುತ್ತಾರೆ. ರಬ್ಬರ್ ಹಾಲು ಹೆಪ್ಪುಗಟ್ಟಿದ ಮೇಲೆ ಅದನ್ನು ಗೀರಿನ ರೋಲರಿಗೆ ಕೊಡುತ್ತಾರೆ. ಆ ಗೀರು ಶೀಟಿನ ಮೇಲೆ ಅಚ್ಚಾಗುತ್ತದೆ. ಪಾಲಾಗುವಾಗ ತಂದೆಯ ಕಾಲದ ರೋಲರು ತಮ್ಮನಿಗೆ ಹೋಯಿತು, ಅಣ್ಣ ಹೊಸದು ತಂದರು. ಹಳೆಯದರಲ್ಲಿ ಅಕ್ಕಪಕ್ಕದ ಎರಡು ಗೀರು ಸವೆದು ಹೋಗಿವೆ. ಈ ಶೀಟಿನ ಎಡ ಅಂಚಿನಿಂದ ನಾಲ್ಕು ಬೆರಳು ಒಳಗೆ, ಉದ್ದಕ್ಕೂ ಒಂದು ನುಣ್ಣನೆಯ ಪಟ್ಟಿ.

“ದಾಮೋದರಣ್ಣಂದು” ಎಂದು ಹೇಳಿ, ಇನ್ನೂ ನಾಲ್ಕು ಶೀಟು ಎಳೆದು ನೋಡುತ್ತಾರೆ. ಎಲ್ಲದರಲ್ಲೂ ಅದೇ ಪಟ್ಟಿ.

ಚೀಟಿ ರದ್ದು ಮಾಡಿ ಮತ್ತೆ ತುಂಬಲು ಹನ್ನೆರಡು ನಿಮಿಷ. ತಿಂಗಳ ಕೊನೆಯ ಪರದೆ ತೆರೆದಾಗ ನಾಲ್ಕೂ ನಲವತ್ತು. ಸೇವಂತಿ ಕೈ ತೆಗೆದು ಸೀರೆಗೆ ಒರೆಸಿ, ಒತ್ತುತ್ತಾರೆ. ಚಕ್ರ ತಿರುಗುತ್ತದೆ. ನಾಲ್ಕೂ ಐವತ್ತಕ್ಕೆ ಪಟ್ಟಿ ಹಸಿರಾಗುತ್ತದೆ. ಗಂಟೆ ಇಲ್ಲ, ಶಬ್ದ ಇಲ್ಲ, ಅಭಿನಂದನೆಯ ಒಂದು ಸಾಲೂ ಇಲ್ಲ.

ಪರದೆಯ ಮೂಲೆಯಲ್ಲಿ ತೆರೆದ ಟಿಕೆಟ್: ಸೊನ್ನೆ. ಐದು ಗಂಟೆ ದಾಟುತ್ತದೆ. ಕಡಬದ ಬಸ್ಸಿಗೆ ಇನ್ನೂ ಹೊತ್ತಿದೆ. ಮೇಜಿನ ಮೇಲೆ ಫೋನನ್ನು ಬೋರಲು ಹಾಕಿದವರು, ಅದನ್ನೊಮ್ಮೆ ತಿರುಗಿಸಿ ನೋಡಿ ಚೀಲಕ್ಕೆ ಹಾಕುತ್ತಾರೆ.

“ತಪ್ಪಾಗಿದ್ರೆ ಇಷ್ಟು ಹೊತ್ತಿಗೆ ಫೋನ್ ಬರ್ತಿತ್ತು” ಎನ್ನುತ್ತಾರೆ. “ಬರ್ಲಿಲ್ಲ. ಸರಿ ಉಂಟು.”