ದೊಡ್ಡಪ್ಪನ ಸೈಕಲ್ಲಿನ ಮಚ್ಚಿನೇಟು

ಬೆಳಿಗ್ಗೆ ಮೊಮ್ಮಗ ಹಳೇ ಸೈಕಲ್ಲಿಗೆ ಹುಣಸೇಹಣ್ಣು ಹಚ್ಚಿ ತಿಕ್ಕುತ್ತಿದ್ದ. ಗಾಳಿ ಹೊಡೆಯುವ ಪಂಪು ಪಕ್ಕದಲ್ಲೇ ಬಿದ್ದಿತ್ತು. ಹುಳಿಯೂ ತುಕ್ಕೂ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಗಲೂರಿನಲ್ಲಿ ದೊಡ್ಡಪ್ಪನ ಜಗಲಿಯ ಮೇಲಿದ್ದೆ.

ಸೈಕಲ್ಲು ದೊಡ್ಡಪ್ಪನದು. ನಡುಗಂಬಿಯ ಮೇಲೆ ಉಗುರು ಹೂತುಹೋಗುವಷ್ಟು ಆಳದ ಕಚ್ಚು. ಕಪಿಲೆ ಬಾವಿಯ ನೀರಿನ ಸರದಿಗೆ ಜಗಳ ಹತ್ತಿ, ನಮ್ಮಪ್ಪ ಒಡಹುಟ್ಟಿದ ಅಣ್ಣನ ಮೇಲೇ ಮಚ್ಚು ಬೀಸಿದ್ದ. ದೊಡ್ಡಪ್ಪ ಸೈಕಲ್ಲೆತ್ತಿ ಅಡ್ಡ ಹಿಡಿದದ್ದರಿಂದ ತಲೆ ಉಳಿಯಿತು.

ಊರ ಹಿರಿಯರ ಮುಂದೆ ದೊಡ್ಡಪ್ಪ ಕೇಳಿದ ಶಿಕ್ಷೆ ಒಂದೇ: ಪ್ರತಿ ಆಯುಧಪೂಜೆಗೆ ಅಪ್ಪನೇ ಬಂದು ಆ ಸೈಕಲ್ಲಿನ ತುಕ್ಕು ತೆಗೆಯಬೇಕು. ಅಪ್ಪ ತಿಕ್ಕುವಾಗ ದೊಡ್ಡಪ್ಪ ಎದುರಿಗೇ ಕೂತು ಹೇಳುತ್ತಿದ್ದ:

“ತುಕ್ಕು ತೆಗಿಲಾ. ಏಟು ಮಾತ್ರ ಹಂಗೇ ಇರ್ಲಿ.”

ಒಂದು ವರ್ಷ ದೊಡ್ಡಪ್ಪ ಒಳಗೆ ಹೋದಾಗ ಅಪ್ಪ ಸೊಂಟದಿಂದ ಅರ ತೆಗೆದು ಕಚ್ಚನ್ನು ಉಜ್ಜತೊಡಗಿದ. ಹೊರಗೆ ಬಂದ ದೊಡ್ಡಪ್ಪ ಪಂಪೆತ್ತಿ ಅವನ ಬಲಗೈಗೆ ಬಾರಿಸಿದ. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು.

“ನೀನು ಅಳಿಸ್ಬುಟ್ರೆ, ನಾನು ಹೆಂಗ್ಲಾ ಮರೀಲಿ?”

ಅಪ್ಪ ಉಳಿದ ತುಕ್ಕನ್ನು ಎಡಗೈಯಲ್ಲಿ ತೆಗೆದ.

ಸಾಯುವ ಮುಂಚೆ ದೊಡ್ಡಪ್ಪ ಸೈಕಲ್ಲನ್ನು ಅಪ್ಪನಿಗೇ ಕೊಟ್ಟ. ಅಪ್ಪ ಅದನ್ನು ಒಮ್ಮೆಯೂ ಹತ್ತಲಿಲ್ಲ. ಕಚ್ಚೊಂದನ್ನು ಬಿಟ್ಟು, ಬದುಕಿರುವವರೆಗೂ ವರ್ಷ ವರ್ಷ ತಿಕ್ಕಿದ.

“ತಾತ, ಈ ಕಚ್ಚು ಅಸಹ್ಯವಾಗೈತೆ. ಅರ ಹಾಕಿ ನುಣ್ಣಗೆ ಮಾಡ್ಬುಡ್ತೀನಿ” ಎಂದ ಮೊಮ್ಮಗ.

ನೋಡಿಕೊಂಡರೆ, ಪಂಪು ಆಗಲೇ ನನ್ನ ಕೈಯಲ್ಲಿತ್ತು.